ಮದ್ರಾಸ್ ಟೈಮಿನಿಂದ ಮಣಿಕಟ್ಟಿನ ಆ್ಯಪಿನವರೆಗೆ

ಒಂದು ಕಾಲಕ್ಕೆ ದೇಶದ ರೈಲುಗಳು ಚೆನ್ನೈನ ಸಮಯ ಹಿಡಿದು ಓಡುತ್ತಿದ್ದವು. ಈಸ್ಟ್ ಇಂಡಿಯಾ ಕಂಪನಿ 1792ರಲ್ಲಿ ನುಂಗಂಬಾಕ್ಕಂನಲ್ಲಿ ಖಗೋಳ ವೀಕ್ಷಣಾಲಯ ಕಟ್ಟಿಸಿತು. ಮದ್ರಾಸು ಗ್ರೀನಿಚ್‌ಗಿಂತ 5 ಗಂಟೆ 21 ನಿಮಿಷ ಮುಂದಿದೆ ಎಂದು 1802ರಲ್ಲಿ ಅಲ್ಲಿನ ಖಗೋಳಜ್ಞ ಜಾನ್ ಗೋಲ್ಡಿಂಗ್‌ಹ್ಯಾಮ್ ಲೆಕ್ಕ ಹಾಕಿದ. ಅದೇ ‘ಮದ್ರಾಸ್ ಟೈಮ್’ ಆಗಿ, 1906ರಲ್ಲಿ ಭಾರತೀಯ ಪ್ರಮಾಣ ಸಮಯ ಬರುವವರೆಗೂ ರೈಲ್ವೆಯನ್ನು ಆಳಿತು. ಇತ್ತ ಮದ್ರಾಸಿನಲ್ಲಿ ಪಿ. ಓರ್ ಅಂಡ್ ಸನ್ಸ್ 1849ರಿಂದಲೇ ಗಡಿಯಾರ ಮಾರುತ್ತಿತ್ತು. ಸಮಯ ನಮ್ಮದು, ಯಂತ್ರ ಮಾತ್ರ ಹೊರಗಿನದು.

ಯಂತ್ರವೂ ನಮ್ಮದಾಗಲು 1961 ಬರಬೇಕಾಯಿತು. ಆ ವರ್ಷ ಎಚ್‌ಎಂಟಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಸಲು ಹೊರಟಿತು. ದಿನಕ್ಕೊಮ್ಮೆ ಕೀಲಿ ಕೊಡುವ ‘ಜನತಾ’ ಮನೆಮನೆಯ ವಾಚಾಯಿತು. 1984ರಲ್ಲಿ ಟಾಟಾ ಮತ್ತು ತಮಿಳುನಾಡು ಕೈಗಾರಿಕಾ ಅಭಿವೃದ್ಧಿ ನಿಗಮ ಸೇರಿ ಟೈಟಾನ್ ಕಟ್ಟಿದವು. ಕಾರ್ಖಾನೆ ಎದ್ದದ್ದು ಹೊಸೂರಿನಲ್ಲಿ. ತಮಿಳು, ತೆಲುಗು, ಕನ್ನಡ ಮೂರೂ ಬೆರೆತ ಗಡಿ ಊರಿನಲ್ಲಿ. ಕ್ವಾರ್ಟ್ಜ್ ವಾಚಿನ ಅಲೆಯಲ್ಲಿ ಎಚ್‌ಎಂಟಿ ಹಿಂದೆ ಬಿತ್ತು. ಅದರ ವಾಚು ಘಟಕಗಳನ್ನು ಮುಚ್ಚುವ ತೀರ್ಮಾನ ಹೊರಬಿದ್ದದ್ದು 2016ರಲ್ಲಿ. ಅದೇ ವರ್ಷ ಟೈಟಾನ್, ಎಚ್‌ಪಿ ಜೊತೆಗೂಡಿ ‘ಜಕ್ಸ್ಟ್’ ಎಂಬ ಸ್ಮಾರ್ಟ್‌ವಾಚನ್ನು ಅಂಗಡಿಗೆ ತಂದಿತು.

ಹೊರಗಿನ ಜಗತ್ತಿನಲ್ಲಿ ಅಷ್ಟರಲ್ಲಿ ಬಹಳ ನಡೆದುಹೋಗಿತ್ತು. 2012ರಲ್ಲಿ ಪೆಬಲ್ ಎಂಬ ಸ್ಮಾರ್ಟ್‌ವಾಚಿಗೆ ಜನರೇ ಕಿಕ್‌ಸ್ಟಾರ್ಟರ್ ಎಂಬ ಜಾಲತಾಣದಲ್ಲಿ ಒಂದು ಕೋಟಿ ಡಾಲರಿಗೂ ಮಿಕ್ಕಿ ಹಣ ಕೊಟ್ಟಿದ್ದರು. ಯಾರು ಬೇಕಾದರೂ ಅದಕ್ಕೆ ಆ್ಯಪ್ ಬರೆಯಬಹುದಿತ್ತು, ಅದೇ ಅದರ ಬಲ. 2014ರಲ್ಲಿ ಗೂಗಲ್‌ನ ಆಂಡ್ರಾಯ್ಡ್ ವೇರ್, 2015ರಲ್ಲಿ ಆ್ಯಪಲ್ ವಾಚ್ ಬಂದವು. ಆ್ಯಪಲ್ ವಾಚಿನ ಆ್ಯಪ್‌ಗಳು ಮೊದಲು ಐಫೋನನ್ನೇ ಆತುಕೊಂಡಿದ್ದವು. ವಾಚಿನಲ್ಲೇ ಆ್ಯಪ್ ಸ್ಟೋರ್ ತೆರೆದದ್ದು 2019ರಲ್ಲಿ. ಗೂಗಲ್ 2021ರಲ್ಲಿ ಸ್ಯಾಮ್‌ಸಂಗ್ ಜೊತೆ ಕೈಜೋಡಿಸಿ, ಆ ವೇಳೆಗೆ ವೇರ್ ಓಎಸ್ ಎಂದು ಹೆಸರಾಗಿದ್ದ ಆಂಡ್ರಾಯ್ಡ್ ವೇರ್ ಅನ್ನು ಹೊಸದಾಗಿ ಕಟ್ಟಿತು.

ಚೆನ್ನೈ ಸುಮ್ಮನಿರಲಿಲ್ಲ. ಐಐಟಿ ಮದ್ರಾಸಿನ ಆಸರೆಯಲ್ಲಿ ಬೆಳೆದ ಮ್ಯೂಸ್ ವೇರಬಲ್ಸ್ ಮೊದಲು ಮುಳ್ಳಿನ ಗಡಿಯಾರದೊಳಗೇ ಸ್ಮಾರ್ಟ್‌ವಾಚಿನ ಕೆಲಸಗಳನ್ನು ಅಡಗಿಸಿತು. 2020ರಲ್ಲಿ ಕೋವಿಡ್ ಲಕ್ಷಣಗಳನ್ನು ಬೇಗ ಗುರುತಿಸಲೆಂದು ಚರ್ಮದ ಉಷ್ಣತೆ, ಎದೆಬಡಿತ, ರಕ್ತದ ಆಮ್ಲಜನಕ ಅಳೆದು ಫೋನಿನ ಆ್ಯಪಿಗೆ ಕಳಿಸುವ, ಮಣಿಕಟ್ಟಿಗೆ ಕಟ್ಟುವ ಪಟ್ಟಿಯೊಂದನ್ನು ಘೋಷಿಸಿತು. ಸಣ್ಣ ತಂಡವೊಂದು ಯಂತ್ರ, ಸೆನ್ಸರ್, ಆ್ಯಪ್ ಮೂರನ್ನೂ ಕೈಗೆತ್ತಿಕೊಂಡ ಈ ಧೈರ್ಯ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಮಾರಾಟದ ಕಥೆ ಬೇರೆ ದಾರಿ ಹಿಡಿಯಿತು. 2022ರ ಮೂರನೇ ತ್ರೈಮಾಸಿಕದಲ್ಲಿ ಭಾರತ ಉತ್ತರ ಅಮೆರಿಕವನ್ನೂ ಹಿಂದಿಕ್ಕಿ ಅತಿ ದೊಡ್ಡ ಸ್ಮಾರ್ಟ್‌ವಾಚ್ ಮಾರುಕಟ್ಟೆಯಾಯಿತು ಎಂದು ಕೌಂಟರ್‌ಪಾಯಿಂಟ್ ಸಂಸ್ಥೆ ಲೆಕ್ಕ ಕೊಟ್ಟಿತು. ಅದಕ್ಕೆ ಕಾರಣ ನಾಯ್ಸ್, ಫೈರ್‌ಬೋಲ್ಟ್, ಬೋಟ್ ತಂದ ಅಗ್ಗದ ವಾಚುಗಳು. ಚೆನ್ನೈನ ರಿಚಿ ಸ್ಟ್ರೀಟಿನಂಥ ಎಲೆಕ್ಟ್ರಾನಿಕ್ಸ್ ಬೀದಿಯಲ್ಲಿ ವಾಚು ಕೊಳ್ಳುವವರು ಪರದೆಯ ಹೊಳಪು, ಬ್ಯಾಟರಿಯ ದಿನಗಳು, ಕಾಲ್ ಬರುತ್ತದೆಯೇ ಇಲ್ಲವೇ, ಇಷ್ಟನ್ನು ಹೋಲಿಸುತ್ತಾರೆ. ಆ್ಯಪ್ ಬರೆಯಲು ಹೊರಟವರು ಮೊದಲು ನೋಡಬೇಕಾದದ್ದು ಬೇರೆ: ಈ ವಾಚು ಹೊರಗಿನವರು ಬರೆದ ಆ್ಯಪನ್ನು ಒಳಗೆ ಬಿಟ್ಟುಕೊಳ್ಳುತ್ತದೆಯೇ? ಅಗ್ಗದ ವಾಚುಗಳಲ್ಲಿ ಬಹುಪಾಲು ಆರ್‌ಟಿಓಎಸ್ ಬಗೆಯ ಪುಟ್ಟ ತಂತ್ರಾಂಶದ ಮೇಲೆ ಓಡುತ್ತವೆ. ಬ್ಯಾಟರಿ ಹಲವು ದಿನ ಬರುವುದು ಅದರಿಂದಲೇ. ಆದರೆ ಅವುಗಳಲ್ಲಿ ಹೆಚ್ಚಿನವಕ್ಕೆ ಕಂಪನಿ ಹಾಕಿದ್ದನ್ನು ಬಿಟ್ಟು ಬೇರೇನೂ ಹಾಕಲಾಗದು. ಇಂಥ ಎಷ್ಟೋ ವಾಚುಗಳಲ್ಲಿ ಕನ್ನಡದ ಸಂದೇಶ ಬಂದರೆ ಕಾಣುವುದು ಖಾಲಿ ಚೌಕಗಳು. ಗುಣಿತ, ಒತ್ತಕ್ಷರಗಳನ್ನು ಜಾಗಕ್ಕೆ ಕೂರಿಸಲು ಫಾಂಟಷ್ಟೇ ಸಾಲದು, ಜೋಡಿಸುವ ತಂತ್ರಾಂಶವೂ ಬೇಕು. ಆಂಡ್ರಾಯ್ಡ್ ಕನ್ನಡವನ್ನು 2012ರ 4.1 ಆವೃತ್ತಿಯಲ್ಲೇ ಒಳಗೊಂಡಿತು. ಅದರ ಮೇಲೆ ನಿಂತ ವೇರ್ ಓಎಸ್‌ನಲ್ಲಿ ನಿಮ್ಮ ಆ್ಯಪಿನ ಜೊತೆಗೇ ಕನ್ನಡ ಫಾಂಟನ್ನೂ ಕಳಿಸಬಹುದು.

ಆದ್ದರಿಂದ ಹೊಸಬರಿಗೆ ನನ್ನ ಸಲಹೆ ವೇರ್ ಓಎಸ್. ಆ್ಯಪಲ್‌ನಲ್ಲಿ ಆ್ಯಪ್ ಕಟ್ಟುವ ಸಾಧನವಾದ ಸ್ವಿಫ್ಟ್‌ಯುಐ ಸೊಗಸಾಗಿದೆ, ಆದರೆ ಮ್ಯಾಕ್ ಕಂಪ್ಯೂಟರ್ ಬೇಕು, ಸ್ಟೋರಿಗೆ ಸೇರಿಸಲು ವರ್ಷಕ್ಕೆ 99 ಡಾಲರ್ ಕಟ್ಟಬೇಕು. ಗಾರ್ಮಿನ್ ವಾಚುಗಳಿಗೆ ಮಂಕಿ ಸಿ ಎಂಬ ಭಾಷೆಯನ್ನೇ ಪ್ರತ್ಯೇಕವಾಗಿ ಕಲಿಯಬೇಕು. ವೇರ್ ಓಎಸ್ ಆ್ಯಪ್ ಬರೆಯುವ ಆಂಡ್ರಾಯ್ಡ್ ಸ್ಟುಡಿಯೋ ಉಚಿತ. ಕಾಟ್ಲಿನ್ ಭಾಷೆ, ಪರದೆ ರೂಪಿಸುವ ಕಂಪೋಸ್ ವಿಧಾನ ಎರಡೂ ಫೋನಿಗೂ ವಾಚಿಗೂ ಸಲ್ಲುತ್ತವೆ. ವಾಚನ್ನು ಅನುಕರಿಸುವ ಎಮ್ಯುಲೇಟರ್ ಇರುವುದರಿಂದ ವಾಚು ಕೊಳ್ಳದೆಯೇ ಕಂಪ್ಯೂಟರಿನಲ್ಲಿ ಪ್ರಯೋಗ ಮಾಡಬಹುದು. ಮೊದಲು ಫೋನಿಗೆ ಒಂದು ಚಿಕ್ಕ ಆ್ಯಪ್ ಬರೆದು, ಆಮೇಲೆ ಅದರಲ್ಲಿ ತೀರಾ ಬೇಕಾದ ಒಂದನ್ನು ಮಾತ್ರ ವಾಚಿಗೆ ಇಳಿಸಿ. ಜನ ವಾಚನ್ನು ನೋಡುವುದು ಕೆಲವೇ ಕ್ಷಣ. ಅದರ ಬ್ಯಾಟರಿ ಫೋನಿನ ಬ್ಯಾಟರಿಯ ಸುಮಾರು ಹತ್ತರಲ್ಲೊಂದು ಪಾಲಷ್ಟೇ. ದುಂಡು ಪರದೆಯಲ್ಲಿ ಮೂಲೆಗಳಿಲ್ಲ. ಕೆಳಗಿಳಿಯುವ ಒತ್ತಕ್ಷರಗಳಿಗೆ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಬೇಕು. ಇದನ್ನು ಕನ್ನಡ ಬಲ್ಲವರೇ ನೋಡಿಕೊಳ್ಳಬೇಕು, ಬೇರೆ ಯಾರಿಗೂ ಹೊಳೆಯುವುದಿಲ್ಲ.

ಪ್ರೋಗ್ರಾಮಿಂಗ್ ಇನ್ನೂ ಬಾರದವರು ಡಯಲಿನಿಂದ ಶುರುಮಾಡಲಿ. ಗೂಗಲ್ ಮತ್ತು ಸ್ಯಾಮ್‌ಸಂಗ್ 2023ರಲ್ಲಿ ತಂದ ವಾಚ್ ಫೇಸ್ ಫಾರ್ಮ್ಯಾಟ್‌ನಲ್ಲಿ ಎಕ್ಸ್‌ಎಂಎಲ್ ಕಡತವೊಂದನ್ನು ಬರೆದರೆ ಸಾಕು, ೧ರಿಂದ ೧೨ರವರೆಗೆ ಕನ್ನಡ ಅಂಕಿಗಳಿರುವ ಡಯಲ್ ಸಿದ್ಧವಾಗುತ್ತದೆ. ಪ್ಲೇ ಸ್ಟೋರಿನ ಖಾತೆಗೆ ಒಮ್ಮೆ 25 ಡಾಲರ್ ಕಟ್ಟಬೇಕು. 2023ರ ನವೆಂಬರ್ ನಂತರ ತೆರೆದ ವೈಯಕ್ತಿಕ ಖಾತೆಯಾದರೆ, ಆ್ಯಪನ್ನು ಎಲ್ಲರಿಗೂ ಬಿಡುವ ಮುನ್ನ ಕನಿಷ್ಠ 12 ಜನ ಸತತ 14 ದಿನ ಪರೀಕ್ಷಿಸಿರಬೇಕು. ಒಂಟಿಯಾಗಿ ಆ್ಯಪ್ ಬರೆಯುವವರು ಎಡವುವುದು ಇಲ್ಲೇ. ಚೆನ್ನೈನ ಕನ್ನಡಿಗರು ಅಷ್ಟು ಪರೀಕ್ಷಕರಿಗಾಗಿ ಟಿ. ನಗರದ ಕರ್ನಾಟಕ ಸಂಘಕ್ಕೆ ಹೋಗಿ ಕೇಳಬಹುದು.