ನಾಲ್ಕು ಚಪ್ಪಡಿಗಳ ಚೆಲುವು

ಲಂಡನ್ನಿನ ಟೇಟ್ ಚಿತ್ರಶಾಲೆಯವರು 1972ರಲ್ಲಿ ಅಮೆರಿಕದ ಶಿಲ್ಪಿ ಕಾರ್ಲ್ ಆಂಡ್ರೆಯ ಕೃತಿಯೊಂದನ್ನು ಕೊಂಡರು. ಕೃತಿಯೆಂದರೆ 120 ಇಟ್ಟಿಗೆಗಳು. ನೆಲದ ಮೇಲೆ ಎರಡು ಪದರವಾಗಿ ಜೋಡಿಸಿದ್ದು, ಅಷ್ಟೆ. 1976ರಲ್ಲಿ ಸುದ್ದಿ ಪತ್ರಿಕೆಗಳ ಕೈಗೆ ಸಿಕ್ಕಿ ದೊಡ್ಡ ಗುಲ್ಲೆದ್ದಿತು. ಯಾವ ಗಾರೆಯವನಾದರೂ ಮಾಡಬಹುದಾದದ್ದಕ್ಕೆ ಜನರ ಹಣ ಸುರಿಯುವುದೆ ಎಂಬುದು ಆಕ್ಷೇಪದ ತಿರುಳು.

ಈ ಪಂಥಕ್ಕೆ ಮಿನಿಮಲಿಸಂ ಎಂದು ಹೆಸರು. ಅಲಂಕಾರವನ್ನೂ ಕಥೆಯನ್ನೂ ಕಳಚಿ, ವಸ್ತುವನ್ನು ವಸ್ತುವಾಗಿಯೇ ನಿಲ್ಲಿಸುವುದು ಅದರ ಗುರಿ. 1965ರಲ್ಲಿ ರಿಚರ್ಡ್ ವೋಲ್‌ಹೈಮ್ ಎಂಬ ತತ್ತ್ವಜ್ಞಾನಿ, ಇಂಥ ಕೃತಿಗಳಲ್ಲಿ ಕಲಾವಿದನ ದುಡಿಮೆ ಎಲ್ಲಿದೆಯೆಂದು ವಿಚಾರಿಸಿದ. 1967ರಲ್ಲಿ ಮೈಕೆಲ್ ಫ್ರೀಡ್ ಎಂಬ ವಿಮರ್ಶಕ, ಇವು ನೋಡುವವನ ದಾರಿ ಕಾಯುತ್ತ ನಿಲ್ಲುವ ನಾಟಕವೇ ಹೊರತು ಕಲೆಯಲ್ಲವೆಂದು ಖಂಡಿಸಿದ. ನಮ್ಮವರೇ ಆದ ನಸ್ರೀನ್ ಮೊಹಮದಿ ಬರಿಯ ಗೆರೆಗಳಲ್ಲಿ ಬಾಳೆಲ್ಲ ದುಡಿದು 1990ರಲ್ಲಿ ತೀರಿಕೊಂಡರು; ಅವರ ಹೆಸರು ಲೋಕದಲ್ಲೆಲ್ಲ ಹರಡಿದ್ದು ಆಮೇಲೆ.

ಈ ವಾದವನ್ನು ತೂಗಿನೋಡಲು ನಾವು ಸಮುದ್ರ ದಾಟಬೇಕಾಗಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯವರೆಗೆ ಹೋದರೆ ಸಾಕು. 1892ರಲ್ಲಿ ಬಿ. ಎಲ್. ರೈಸ್ ಅಶೋಕನ ಶಾಸನವನ್ನು ಕಂಡುಹಿಡಿದದ್ದು ಅಲ್ಲಿಯೇ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅಲ್ಲಿ ಅಗೆದಾಗ, ಎರಡು ಸಾವಿರ ವರ್ಷಗಳಿಗೂ ಹಿಂದಿನ ಕಲ್ಗೋರಿಗಳು ವಿವರವಾಗಿ ಬೆಳಕಿಗೆ ಬಂದವು. ಸುತ್ತ ಗುಂಡುಕಲ್ಲುಗಳ ಬಳೆ. ನಡುವೆ ನೆಲದೊಳಗೆ ನಾಲ್ಕು ಕಣಶಿಲೆಯ ಚಪ್ಪಡಿಗಳು. ಅಡಿಗೊಂದು ಹಾಸುಗಲ್ಲು, ಮೇಲೊಂದು ಮುಚ್ಚುಗಲ್ಲು. ಪೂರ್ವದ ಚಪ್ಪಡಿಯಲ್ಲಿ ಒಂದು ದುಂಡು ಕಿಂಡಿ. ಕೆತ್ತನೆಯಿಲ್ಲ, ಅಕ್ಷರವಿಲ್ಲ. ಚಪ್ಪಡಿಗಳನ್ನು ಸ್ವಸ್ತಿಕದಂತೆ ಒಂದರ ಅಂಚು ಇನ್ನೊಂದನ್ನು ದಾಟುವ ಹಾಗೆ ನಿಲ್ಲಿಸಿದ್ದಾರೆ. ಹೊರಗಿನ ಮಣ್ಣು ಎಷ್ಟೇ ಒತ್ತಲಿ, ಒಂದಕ್ಕೊಂದು ಆಸರೆಯಾಗಿ ಒಳಕ್ಕೆ ಕುಸಿಯದೆ ನಿಲ್ಲುತ್ತವೆ.

ಕಟ್ಟಿದವರು ಇದನ್ನು ಕಲೆಯೆಂದು ಎಣಿಸಿರಲಾರರು. ಅವರಿಗದು ಸತ್ತವರ ಮನೆ. ಆದರೂ ವಿಮರ್ಶೆಗೆ ಬೇಕಾದ ಒರೆಗಲ್ಲು ಇಲ್ಲಿದೆಯೆಂದು ನನಗೆ ತೋರುತ್ತದೆ. ‘ಇದರಲ್ಲಿ ಏನಿದೆ?’ ಎಂದು ಕೇಳುವುದಕ್ಕಿಂತ, ‘ಇದರಿಂದ ಇನ್ನೇನನ್ನಾದರೂ ತೆಗೆಯಬಹುದೆ?’ ಎಂದು ಕೇಳಬೇಕು. ಒಂದು ಚಪ್ಪಡಿ ತೆಗೆದರೂ ಗೋರಿ ಉಳಿಯದು. ಅಷ್ಟು ಬಿಗಿಯಿಲ್ಲದ ಬರಿದು ಬರಿದೇ ಸರಿ. ಮಿನಿಮಲಿಸಂ ಹೆಸರಿನಲ್ಲಿ ಬಂದುದೆಲ್ಲ ಈ ಪರೀಕ್ಷೆಯಲ್ಲಿ ಗೆದ್ದೀತೆಂದು ನಾನು ಹೇಳಲಾರೆ.

ಈ ಪ್ರಶ್ನೆ ಚಿತ್ರಶಾಲೆಗಷ್ಟೇ ಸೇರಿದ್ದಲ್ಲ. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಅಂಚು ಸೆರಗುಗಳಲ್ಲಿ ಹೂ, ಹಣ್ಣು, ಪ್ರಾಣಿಗಳು ಮೈದಳೆಯುತ್ತವೆ. ಅದನ್ನು ಕಲೆಯೆನ್ನಲು ಯಾರೂ ಹಿಂಜರಿಯರು. ನೆರೆಯ ಚಳ್ಳಕೆರೆಯ ಕರಿ ಕಂಬಳಿಗೆ ಬಣ್ಣವೇ ಇಲ್ಲ, ಕುರಿಯ ಮೈಬಣ್ಣವೇ ಬಣ್ಣ. ಹೆಂಗಸರು ನೂತ ನೂಲು, ಹುಣಸೆಬೀಜದ ಗಂಜಿ, ಮಗ್ಗ—ಇಷ್ಟೇ ಅದರ ಬಂಡವಾಳ. ಚಳಿಗೂ ಮಳೆಗೂ ಅದೇ, ದೇವರ ಗದ್ದಿಗೆಗೆ ಹಾಸುವುದೂ ಅದನ್ನೇ. ಅದನ್ನು ಮಾತ್ರ ನಾವು ‘ಒರಟು ಬಟ್ಟೆ’ಯೆಂದು ಮೂಲೆಗೆ ಸರಿಸುತ್ತೇವೆ. ಇಟ್ಟಿಗೆಗಳನ್ನು ಕಂಡು ನಕ್ಕ ಲಂಡನ್ನಿನವರಿಗೂ ನಮಗೂ ಏನು ಅಂತರ? ನೇಕಾರನ ಕೂಲಿ ನಿಷ್ಕರ್ಷೆಯಾಗುವುದು ಇಂಥ ಮಾತುಗಳಿಂದಲೇ ಅಲ್ಲವೆ?