ಸಮಯ, ಸಂಧಿ, ರಾಜಿ: ಬನವಾಸಿ ಸೀಮೆಯಿಂದ ಮಸ್ಕತ್‌ವರೆಗೆ

ಹಗೆಯನ್ನು ಮಾತಿನಿಂದ ಮುಗಿಸುವ ವಿದ್ಯೆಗೆ ಭಾರತೀಯ ರಾಜನೀತಿ ಗ್ರಂಥಗಳು ಕೊಟ್ಟ ಹೆಸರು 'ಸಂಧಿ'. ಅರಸನು ಹೊರನಾಡುಗಳೊಂದಿಗೆ ನಡೆದುಕೊಳ್ಳುವ ಆರು ಬಗೆಗಳನ್ನು 'ಷಾಡ್ಗುಣ್ಯ'ವೆಂದು ಹೆಸರಿಸುವ ಕೌಟಿಲ್ಯನ ಅರ್ಥಶಾಸ್ತ್ರವು ಅವುಗಳಲ್ಲಿ ಸಂಧಿಯನ್ನೇ ಮೊದಲಿಗಿಟ್ಟು, ಅದನ್ನು 'ಪಣಬಂಧ'ವೆಂದು, ಅಂದರೆ ಎರಡೂ ಕಡೆಯವರು ಮಾತಿಗೆ ಕಟ್ಟುಬೀಳುವ ಒಡಂಬಡಿಕೆಯೆಂದು ವಿವರಿಸುತ್ತದೆ. ಈ ಸೂತ್ರ ಆಚರಣೆಗೆ ಇಳಿದ ಬಗೆಯನ್ನು ಶತಮಾನಗಳುದ್ದಕ್ಕೂ ಗುರುತಿಸಬಹುದಾದ ಕನ್ನಡ ಸೀಮೆಗಳಲ್ಲಿ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಮುಖ್ಯವಾದವು. ಹಿಂದೆ ಬನವಾಸಿ ಪನ್ನಿರ್ಛಾಸಿರದ, ಆಮೇಲೆ ಕೆಳದಿ ಸಂಸ್ಥಾನದ ಭಾಗವಾಗಿದ್ದ ಈ ಸೀಮೆಯ ಶಾಸನಗಳನ್ನೂ ಆಳಿದವರ ಕರಾರುಗಳನ್ನೂ ಒಟ್ಟಿಗೆ ಓದಿದಾಗ, ಇಂದು ಅರಬ್ ಜಗತ್ತಿನ ಸಂಧಾನಗಳ ಬಗ್ಗೆ ಕೇಳಲಾಗುವ ಪ್ರಶ್ನೆಯೇ ಇಲ್ಲಿಯೂ ಎದುರಾಗುತ್ತದೆ: ಒಡಂಬಡಿಕೆಯ ಹೊರಗೆ ಉಳಿದವನ ಗತಿ ಏನು?

ತಾಳಗುಂದದ ಕಂಬ

ಈ ಇತಿಹಾಸದ ಮೊದಲ ದಾಖಲೆ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಎದುರಿನ ಕಂಬದ ಮೇಲಿದೆ. ಐದನೆಯ ಶತಮಾನದ ನಡುಭಾಗದಲ್ಲಿ, ಕದಂಬ ಶಾಂತಿವರ್ಮನ ಕಾಲದಲ್ಲಿ, ಕುಬ್ಜನೆಂಬ ಕವಿ ರಚಿಸಿದ ಈ ಸಂಸ್ಕೃತ ಶಾಸನವು ಕದಂಬ ವಂಶದ ಮೂಲಪುರುಷ ಮಯೂರಶರ್ಮನು ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ, ಎಂದರೆ ಉನ್ನತ ವಿದ್ಯಾಸ್ಥಾನಕ್ಕೆ, ಹೋದದ್ದನ್ನೂ, ಅಲ್ಲಿ ಪಲ್ಲವರ ಕುದುರೆಸವಾರನೊಂದಿಗೆ ನಡೆದ ಜಗಳದಿಂದ ನೊಂದು ಕತ್ತಿ ಹಿಡಿದದ್ದನ್ನೂ, ಗಡಿಕಾವಲಿನ 'ಅಂತಪಾಲ'ರನ್ನು ಸೋಲಿಸಿ ಶ್ರೀಪರ್ವತದ ಕಾಡಿನಲ್ಲಿ ನೆಲೆಯೂರಿ ಬೃಹದ್ಬಾಣರಿಂದ ಕಪ್ಪ ಪಡೆದದ್ದನ್ನೂ ಹೇಳುತ್ತದೆ. ಆತನನ್ನು ಗೆಲ್ಲುವುದು ಸುಲಭವಲ್ಲವೆಂದು ಕಂಡ ಪಲ್ಲವರು ಅವನ ಗೆಳೆತನವನ್ನೇ ಬಯಸಿದರು. ಅವನು ಅವರ ಸೇವೆಗೆ ಸೇರಿ ಪರಾಕ್ರಮದಿಂದ ಮೆಚ್ಚಿಸಿದ ಮೇಲೆ ಅವನಿಗೆ ಪಟ್ಟ ಕಟ್ಟಿ, ಪಶ್ಚಿಮ ಸಮುದ್ರದಿಂದ 'ಪ್ರೇಹರ'ದವರೆಗಿನ ನೆಲವನ್ನು ಒಪ್ಪಿಸಿದರು. ಆ ನೆಲದೊಳಗೆ ಬೇರೆಯವರು ಕಾಲಿಡತಕ್ಕದ್ದಲ್ಲ ಎಂಬ ಕಟ್ಟುಪಾಡನ್ನು ಶಾಸನವು 'ಸಮಯ'ವೆಂದು ಕರೆಯುತ್ತದೆ. ಹೆಚ್ಚಾಗಿ ಕಾಲವೆಂಬ ಅರ್ಥದಲ್ಲಿ ಇಂದು ಬಳಕೆಯಲ್ಲಿ ಉಳಿದಿರುವ ಈ ಪದಕ್ಕೆ ಅಂದು ಒಪ್ಪಂದವೆಂಬ ಅರ್ಥವೂ ಇತ್ತು.

ಬಿ.ಎಲ್. ರೈಸ್ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಏಳನೆಯ ಸಂಪುಟದಲ್ಲಿ ಪ್ರಕಟಿಸಿ, ಎಫ್. ಕೀಲ್‌ಹಾರ್ನ್ 'ಎಪಿಗ್ರಾಫಿಯಾ ಇಂಡಿಕಾ'ದಲ್ಲಿ ಪರಿಷ್ಕರಿಸಿದ ಈ ಪಾಠವನ್ನು ಆರಂಭದ ಇತಿಹಾಸಕಾರರು ಹೆಚ್ಚಾಗಿ ರಾಜವಂಶದ ಕಾಲಗಣನೆಗೆ ಬಳಸಿಕೊಂಡರು. ಜಾರ್ಜ್ ಮೊರೇಸ್ 1931ರಲ್ಲಿ ಕದಂಬರ ಇತಿಹಾಸವನ್ನು ಸಮಗ್ರವಾಗಿ ಬರೆದ ಮೇಲೂ ಪ್ರೇಹರ ಯಾವುದು, ಮಯೂರಶರ್ಮ ಸಾಮಂತನೋ ಸ್ವತಂತ್ರನೋ ಎಂಬ ವಾದಗಳೇ ಮುಂದೆ ಬಂದವು. ಸಂಧಾನದ ದೃಷ್ಟಿಯಿಂದ ನೋಡಿದರೆ ಗಮನಿಸತಕ್ಕದ್ದು ಬೇರೆ: ಬಲಿಷ್ಠನಾದ ಪಲ್ಲವನು ಬಂಡೆದ್ದವನಿಗೆ ಕ್ಷಮೆಯನ್ನಷ್ಟೇ ನೀಡದೆ ಪದವಿಯನ್ನೂ ಭೂಮಿಯನ್ನೂ ಭದ್ರತೆಯನ್ನೂ ನೀಡಿದನು, 'ಬೇರೆಯವರು ಬರಕೂಡದು' ಎಂಬ ಮಾತು ಇಲ್ಲಿ ದುರ್ಬಲನಿಗೆ ಕಾವಲಾಯಿತು. ಮುಂದೆ ಕಾಕುಸ್ಥವರ್ಮನು ಗುಪ್ತರೇ ಮೊದಲಾದ ರಾಜಕುಲಗಳಿಗೆ ಹೆಣ್ಣು ಕೊಟ್ಟು ಬೆಳೆಸಿದ ನಂಟನ್ನೂ ಇದೇ ಕಂಬ ಹೊಗಳುತ್ತದೆ.

ವೀರಗಲ್ಲು ಮತ್ತು ಸಂಧಿವಿಗ್ರಹಿ

ಅರಸರ ಮಟ್ಟದಲ್ಲಿ ಹೀಗಾದರೆ, ಊರಿನ ಮಟ್ಟದ ಜಗಳಗಳನ್ನು ಹೇಳುವವು ವೀರಗಲ್ಲುಗಳು. ಉದ್ರಿ, ಕುಪ್ಪಟೂರುಗಳಂಥ ಊರುಗಳಿರುವ ಸೊರಬ ತಾಲ್ಲೂಕು ಇವುಗಳಿಗೆ ಹೆಸರಾಗಿದೆ. ತುರುಗೋಳ್ ಎಂದರೆ ದನಗಳ ಸೂರೆ, ಊರಳಿವು ಎಂದರೆ ಊರಿನ ನಾಶ, ಗಡಿಕಾಳಗ ಎಂದರೆ ಎಲ್ಲೆಗಾಗಿ ನಡೆದ ಹೋರಾಟ. ಹೀಗೆ ಕಲಹದ ಬಗೆಬಗೆಗೂ ಈ ಕಲ್ಲುಗಳಲ್ಲಿ ಹೆಸರಿದೆ. ಸತ್ತವನ ಮನೆಯವರಿಗೆ ಬಿಟ್ಟ ಭೂಮಿಯನ್ನು 'ನೆತ್ತರುಗೊಡಗೆ' ಎನ್ನಲಾಗುತ್ತಿತ್ತು. ಅರಬ್ ನಾಡುಗಳಲ್ಲಿ ಇಂದಿಗೂ ನಡೆಯುವ 'ಸುಲ್ಹ್' ಎಂಬ ಸಾಂಪ್ರದಾಯಿಕ ರಾಜಿಯಲ್ಲಿ ಹಿರಿಯರ ನಿಯೋಗ ನಡುವೆ ಬಂದು, ಮೊದಲು ಕದನವಿರಾಮ ಮಾಡಿಸಿ, ಬಳಿಕ 'ದಿಯಾ' ಎಂಬ ನೆತ್ತರಿನ ಬೆಲೆಯನ್ನು ಕೊಡಿಸುತ್ತದೆ. ಹೆಸರು ಒಂದೇ ಬಗೆಯದಾಗಿ ಕಂಡರೂ ವ್ಯತ್ಯಾಸ ದೊಡ್ಡದು: ದಿಯಾವನ್ನು ಕೊಲೆಗಾರನ ಕಡೆಯವರು ಕೊಡುತ್ತಾರೆ, ನೆತ್ತರುಗೊಡಗೆಯನ್ನು ಸತ್ತವನ ಒಡೆಯನೋ ಊರೋ ಕೊಡುತ್ತಿತ್ತು. ಆದ್ದರಿಂದ ವೀರಗಲ್ಲು ನಷ್ಟಕ್ಕೆ ಪರಿಹಾರವನ್ನು ದಾಖಲಿಸುತ್ತದೆಯೇ ಹೊರತು ಹಗೆ ತೀರಿದ್ದನ್ನು ದಾಖಲಿಸುವುದಿಲ್ಲ.

ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಸಂಧಾನವು ಒಂದು ಕಚೇರಿಯಾಗಿ ಬೆಳೆದಿತ್ತು. 'ಸಂಧಿವಿಗ್ರಹಿ' ಎಂದರೆ ಸಂಧಿ ಮತ್ತು ಯುದ್ಧಗಳ ವ್ಯವಹಾರ ನೋಡುವ ಅಧಿಕಾರಿ. ಅವರಲ್ಲಿ ಕನ್ನಡ ಸಂಧಿವಿಗ್ರಹಿ, ಲಾಳ ಸಂಧಿವಿಗ್ರಹಿ ಎಂಬ ವಿಭಾಗಗಳಿದ್ದುದನ್ನು ಶಾಸನಗಳು ತಿಳಿಸುತ್ತವೆ. ಲಾಳವೆಂದರೆ ಗುಜರಾತಿನ ಲಾಟ ದೇಶ. ಆದರೂ ಕಚೇರಿ ಇದ್ದಮಾತ್ರಕ್ಕೆ ಶಾಂತಿ ನೆಲೆಸಲಿಲ್ಲ: ಬನವಾಸಿ ಸೀಮೆಯನ್ನು ಆಳುತ್ತಿದ್ದ ಜಯಸಿಂಹನು ಅಣ್ಣ ಆರನೆಯ ವಿಕ್ರಮಾದಿತ್ಯನ ವಿರುದ್ಧವೇ ಎದ್ದಾಗ, ಸಾಮೋಪಾಯದ ಮಾತುಗಳು ಫಲಿಸದೆ ಯುದ್ಧವೇ ನಡೆದುದನ್ನು ಬಿಲ್ಹಣನ ವಿಕ್ರಮಾಂಕದೇವಚರಿತ ಹೇಳುತ್ತದೆ.

ಕೆಳದಿ, ಗೋವೆ, ಮಸ್ಕತ್

ಸೊರಬದ ಚಂದ್ರಗುತ್ತಿ ಕೋಟೆಯೂ ಸೇರಿದ್ದ ಕೆಳದಿ ಸಂಸ್ಥಾನವು ಘಟ್ಟದ ಮೇಲಿನ ನೆಲವನ್ನೂ ಕೆಳಗಿನ ಕಡಲಂಚನ್ನೂ ಒಟ್ಟಿಗೆ ಹಿಡಿದಾಗ ಸಂಧಾನದ ಸ್ವರೂಪವೇ ಬದಲಾಯಿತು. ಅಕ್ಕಿ, ಮೆಣಸುಗಳಿಗೆ ಕೊಳ್ಳುವವರು ಕಡಲಾಚೆ ಇದ್ದರು. ಕಡಲಲ್ಲಿ ಸಂಚರಿಸುವ ಹಡಗುಗಳು ತಮ್ಮ ರಹದಾರಿ ಪಡೆಯಬೇಕೆಂದು ಪೋರ್ಚುಗೀಸರು ಒತ್ತಾಯಿಸುತ್ತಿದ್ದರು. 1623ರಲ್ಲಿ ಅವರ ನೆಲೆಯಾದ ಗೋವೆಯಿಂದ ರಾಯಭಾರಿಯೊಬ್ಬನು ಕೆಳದಿಯ ಅರಸ ವೆಂಕಟಪ್ಪ ನಾಯಕನನ್ನು ಕಾಣಲು ಇಕ್ಕೇರಿಗೆ ಬಂದಾಗ, ಟರ್ಕಿ, ಪರ್ಷಿಯಾಗಳನ್ನು ಸುತ್ತಿ ಬಂದಿದ್ದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಜೊತೆಗಿದ್ದು ಆ ಪಯಣವನ್ನು ಪತ್ರಗಳಲ್ಲಿ ಬರೆದಿಟ್ಟನು. ವೆಂಕಟಪ್ಪನು ಸೋಲಿಸಿದ್ದ ಕರಾವಳಿಯ ಬಂಗ ಅರಸನ ವಿಷಯ ಆ ಮಾತುಕತೆಯಲ್ಲಿ ಮುಖ್ಯವಾಗಿತ್ತು. ಆದರೆ ಬಂಗ ಅರಸನು ಮಾತ್ರ ಆ ಸಭೆಯಲ್ಲಿರಲಿಲ್ಲ.

ಮೂರು ದಶಕಗಳಲ್ಲಿ ಬಲಾಬಲ ತಲೆಕೆಳಗಾಯಿತು. 1650ರಲ್ಲಿ ಒಮಾನಿನ ಅರಬರು ಮಸ್ಕತ್ತನ್ನು ಪೋರ್ಚುಗೀಸರಿಂದ ಕಿತ್ತುಕೊಂಡರೆ, 1652–54ರ ನಡುವೆ ಕೆಳದಿಯ ಶಿವಪ್ಪ ನಾಯಕನು ಹೊನ್ನಾವರ, ಬಸರೂರು, ಗಂಗೊಳ್ಳಿಗಳಲ್ಲಿದ್ದ ಅವರ ಕೋಟೆಗಳನ್ನು ವಶಪಡಿಸಿಕೊಂಡನು. ಕಡಲಲ್ಲಿ ಒಂಟಿಯಾದ ಗೋವೆಗೆ ಅನ್ನಕ್ಕಾಗಿಯಾದರೂ ಕೆಳದಿಯೊಡನೆ ರಾಜಿ ಬೇಕಾಗಿತ್ತು. 1678ರಲ್ಲಿ ರಾಣಿ ಚೆನ್ನಮ್ಮನ ಕಾಲದಲ್ಲಿ ಆದ ಕರಾರು ಪೋರ್ಚುಗೀಸರಿಗೆ ಮಂಗಳೂರಿನಲ್ಲಿ ಕೋಠಿ, ಅಂದರೆ ವ್ಯಾಪಾರದ ಮಳಿಗೆ, ಕಟ್ಟಲು ಅವಕಾಶ ಕೊಟ್ಟಿತು. ಮಸ್ಕತ್ತಿನ ಅರಬರೊಂದಿಗೆ ಕರಾವಳಿಯವರು ವ್ಯಾಪಾರ ಮಾಡದಂತೆ ತಡೆಯುವುದು ಪೋರ್ಚುಗೀಸರ ಒತ್ತಾಯವಾಗಿತ್ತು. ಹೀಗೆ ಹೊರಗಿಡಲ್ಪಟ್ಟ ಅರಬರು 1695ರಲ್ಲಿ ಮಂಗಳೂರಿಗೆ ಬೆಂಕಿಯಿಟ್ಟರು. ಆ ಅನುಭವದ ಬಳಿಕವೂ, ಪೋರ್ಚುಗೀಸರ ದಾಳಿಯ ಬೆನ್ನಲ್ಲೇ 1714ರಲ್ಲಿ ಆದ ಸಂಧಿಯಲ್ಲಿ ಅರಬರನ್ನು ಬಂದರುಗಳಿಂದ ದೂರವಿಡುವ ಷರತ್ತೇ ಮರಳಿ ಸೇರಿತು. ತಾಳಗುಂದದ 'ಸಮಯ' ಆಕ್ರಮಣ ಮಾಡುವವನನ್ನು ಹೊರಗಿಟ್ಟಿತ್ತು. ಈ ಕರಾರುಗಳು ಪಾಲಿನ ಹಕ್ಕಿದ್ದ ವ್ಯಾಪಾರಿಯನ್ನು ಹೊರಗಿಟ್ಟವು.

ಈ ಅಧ್ಯಾಯ ಬೆಳಕಿಗೆ ಬಂದದ್ದು ನಿಧಾನವಾಗಿ. ಲಿಂಗಣ್ಣನ 'ಕೆಳದಿನೃಪವಿಜಯ' ಅರಮನೆಯ ಕಡೆಯಿಂದ ಕಥೆ ಹೇಳುತ್ತದೆ, ಕೆ.ಡಿ. ಸ್ವಾಮಿನಾಥನ್ 1957ರಲ್ಲಿ ಇಕ್ಕೇರಿ ನಾಯಕರ ಇತಿಹಾಸವನ್ನು ಬರೆದರು, ಬಿ.ಎಸ್. ಶಾಸ್ತ್ರಿಯವರು ಪೋರ್ಚುಗೀಸ್ ದಾಖಲೆಗಳನ್ನು ಬಳಸಿ ಗೋವೆ–ಕೆನರಾ ಸಂಬಂಧವನ್ನು ವಿವರಿಸಿದರು. ಆದರೆ ಇವೆಲ್ಲ ಒಡಂಬಡಿಕೆಗೆ ಸಹಿ ಹಾಕಿದ ಇಬ್ಬರ ಕಾಗದಗಳನ್ನೇ ಬಹುಮಟ್ಟಿಗೆ ಆಧರಿಸಿವೆ. ಮೂರನೆಯವನಾದ ಮಸ್ಕತ್ತಿನ ವ್ಯಾಪಾರಿಯ ದನಿ ಕನ್ನಡ ಇತಿಹಾಸ ಬರವಣಿಗೆಗೆ ಇನ್ನೂ ಸೇರಬೇಕಾಗಿದೆ. ಮುಂದೆ ಟಿಪ್ಪು ಸುಲ್ತಾನನು ಮಸ್ಕತ್ತಿನಲ್ಲಿ ಕೋಠಿ ತೆರೆದು, 1786ರಲ್ಲಿ ಹೊರಟ ತನ್ನ ಇಸ್ತಾಂಬುಲ್ ನಿಯೋಗವನ್ನು ಅದೇ ದಾರಿಯಲ್ಲಿ ಕಳುಹಿಸಿ ಆ ಸಂಬಂಧವನ್ನು ಬೇರೆ ರೀತಿಯಲ್ಲಿ ಬೆಳೆಸಿದನು. ಈ ಸೀಮೆ ಮೈಸೂರಿನ ಆಳ್ವಿಕೆಗೆ ಸೇರಿದ ಮೇಲೆ ನಡೆದ 1830–31ರ ನಗರ ದಂಗೆಯಲ್ಲಿ ಹೊರಗುಳಿದವರು ಸ್ವಂತ ರೈತರೇ: ಕಂದಾಯದ ದೂರುಗಳು ಕಾಲಕ್ಕೆ ಸರಿಯಾಗಿ ತೀರದೆ ಬಂಡಾಯ ಹಬ್ಬಿ, ಮೈಸೂರಿನ ಆಡಳಿತವೇ ಐವತ್ತು ವರ್ಷ ಬ್ರಿಟಿಷರ ಕೈಗೆ ಹೋಯಿತು.

ಅರಬ್ ಜಗತ್ತಿನ ಪಾಠ

ಈಚಿನ ಅರಬ್ ಸಂಧಾನಗಳಲ್ಲಿ ಎದುರಾಳಿಗೆ ಪಾಲು ಕೊಡುವ ಮತ್ತು ಮೂರನೆಯವನನ್ನು ಹೊರಗಿಡುವ ಈ ಎರಡೂ ಮಾದರಿಗಳು ಕಾಣುತ್ತವೆ. 1978ರ ಕ್ಯಾಂಪ್ ಡೇವಿಡ್ ಮಾತುಕತೆಯಿಂದ ಹುಟ್ಟಿದ 1979ರ ಈಜಿಪ್ಟ್–ಇಸ್ರೇಲ್ ಒಪ್ಪಂದವು ಆ ಎರಡು ದೇಶಗಳ ನಡುವಿನ ಯುದ್ಧವನ್ನು ನಿಲ್ಲಿಸಿತು. ಆದರೆ ಪ್ಯಾಲೆಸ್ಟೀನಿಯರು ಹೊರಗೇ ಉಳಿದರು, ಈಜಿಪ್ಟನ್ನು ಅರಬ್ ಲೀಗ್ ಹತ್ತು ವರ್ಷ ದೂರವಿಟ್ಟಿತು. 1989ರ ತಾಯಿಫ್ ಒಪ್ಪಂದವು ಲೆಬನಾನಿನ ಸಂಸತ್ತಿನಲ್ಲಿ ಕ್ರೈಸ್ತರಿಗೂ ಮುಸ್ಲಿಮರಿಗೂ ಇದ್ದ 6:5ರ ಅನುಪಾತವನ್ನು ಸಮವಾಗಿಸಿ ಅಂತರ್ಯುದ್ಧವನ್ನು ಮುಗಿಸಿತು. ಇದು ಪಲ್ಲವರು ಮಾಡಿದಂತೆ ಎದುರಾಳಿಗೆ ಪಾಲು ಕೊಡುವ ದಾರಿ. 2021ರ ಅಲ್‌ಉಲಾ ಘೋಷಣೆ ಕತಾರಿನ ಮೇಲಿದ್ದ ದಿಗ್ಬಂಧನವನ್ನು ಕೊನೆಗೊಳಿಸಿತು. ಒಂದು ಕಾಲಕ್ಕೆ ಕರಾರುಗಳ ಹೊರಗಿಡಲ್ಪಟ್ಟಿದ್ದ ಮಸ್ಕತ್, 2013ರ ಅಮೆರಿಕ–ಇರಾನ್ ಗುಪ್ತ ಮಾತುಕತೆಯೂ ಸೇರಿದಂತೆ, ಈಗ ಇತರರನ್ನು ಕೂಡಿಸುವ ಊರಾಗಿದೆ.

ಶಿಕಾರಿಪುರ, ಸೊರಬಗಳ ತಾಲ್ಲೂಕು ಕಚೇರಿಗಳಲ್ಲಿ, ಊರಿನ ಪಂಚಾಯಿತಿಗಳಲ್ಲಿ ನಿತ್ಯವೂ ಕೇಳಿಬರುವ ತಕರಾರು, ಕರಾರು, ಷರತ್ತು, ವಕೀಲ, ರಾಜಿ ಎಂಬ ಪದಗಳೆಲ್ಲವೂ ಮೂಲದಲ್ಲಿ ಅರಬ್ಬೀ ಭಾಷೆಯವು. ಅವುಗಳಲ್ಲಿ ವಕೀಲನೆಂದರೆ ಹದಿನೆಂಟನೆಯ ಶತಮಾನದ ದರ್ಬಾರುಗಳಲ್ಲಿ ರಾಯಭಾರಿಯೇ ಆಗಿದ್ದನು. ರಾಜಿ ಎಂಬುದರ ಮೂಲಾರ್ಥ 'ಮನಸ್ಸು ತೃಪ್ತವಾದವನು' ಎಂದು.