ಕಾಲೇಜು ಪ್ರಬಂಧದಲ್ಲಿ ಆಕರ ಸೂಚನೆ: ಯಾವ ವಿಷಯಕ್ಕೆ ಯಾವ ಶೈಲಿ?

ರಾವೂರ, ವಾಡಿ, ಶಹಾಬಾದ ಕಡೆಯ ವಿದ್ಯಾರ್ಥಿ ತನ್ನ ನೆರೆಯ ಇತಿಹಾಸವನ್ನು ಕುರಿತು ಪ್ರಬಂಧ ಬರೆಯಲು ಕುಳಿತರೆ ವಸ್ತುವಿಗೆ ಬರವಿಲ್ಲ. ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ ಅಶೋಕನ ಶಾಸನ ದೊರೆತಿದೆ. ಸೇಡಂ ತಾಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ತೊಡಕು ಎದುರಾಗುವುದು ಆಕರಗಳನ್ನು ನಮೂದಿಸುವಾಗ.

ಬಳಕೆಯಲ್ಲಿರುವ ಪ್ರಮುಖ ಶೈಲಿಗಳು ಮೂರು. ಭಾಷೆ, ಸಾಹಿತ್ಯದ ಅಧ್ಯಯನಗಳಿಗೆ ಎಂಎಲ್‌ಎ. ಮನಶ್ಶಾಸ್ತ್ರ, ಶಿಕ್ಷಣ, ಸಮಾಜವಿಜ್ಞಾನಗಳಿಗೆ ಎಪಿಎ. ಇತಿಹಾಸಕ್ಕೆ 1906ರಲ್ಲಿ ಮೊದಲು ಪ್ರಕಟವಾದ ಶಿಕಾಗೋ ಕೈಪಿಡಿ. ಎಂಎಲ್‌ಎ ಪ್ರಕಾರ ವಾಕ್ಯದ ಕೊನೆಗೆ (ಕುವೆಂಪು 45) ಎಂದು ಹೆಸರು, ಪುಟ ಸಾಕು. ಎಪಿಎಗೆ ವರ್ಷವೇ ಮುಖ್ಯ: (ಕುವೆಂಪು, 1967, ಪು. 45). ವಿಜ್ಞಾನದಲ್ಲಿ ಮಾಹಿತಿ ಎಷ್ಟು ಹೊಸದೆಂಬುದು ತೂಕದ ಪ್ರಶ್ನೆ, ಕಾವ್ಯದಲ್ಲಿ ಹಾಗಲ್ಲ. ಶಿಕಾಗೋದಲ್ಲಿ ಇತಿಹಾಸಕಾರರು ಒಪ್ಪುವುದು ಅಡಿಟಿಪ್ಪಣಿಯನ್ನು, ಏಕೆಂದರೆ ಶಾಸನ, ದಾಖಲೆಗಳ ವಿವರ ಆವರಣದಲ್ಲಿ ಹಿಡಿಸದು.

ಮೂರೂ ಶೈಲಿಗಳು ಆಕರಪಟ್ಟಿಯಲ್ಲಿ ಮನೆತನದ ಹೆಸರನ್ನು ಮೊದಲಿಡುತ್ತವೆ. ಎಂ. ಎಂ. ಕಲಬುರ್ಗಿ ಅವರನ್ನು 'ಕಲಬುರ್ಗಿ, ಎಂ. ಎಂ.' ಎಂದರೆ ಸರಿಹೋಗುತ್ತದೆ. ಆದರೆ ಕೆ. ವಿ. ಪುಟ್ಟಪ್ಪ ಎಂಬಲ್ಲಿ ಮೊದಲಕ್ಷರ ಕುಪ್ಪಳಿ, ಎರಡನೆಯದು ತಂದೆ ವೆಂಕಟಪ್ಪ. ಪುಟ್ಟಪ್ಪ ಎಂಬುದು ಸ್ವಂತ ಹೆಸರು. ಅದನ್ನು ಮನೆತನದ ಹೆಸರೆಂದು ಭಾವಿಸಿ ತಿರುಗಿಸುವುದು ವಾಡಿಕೆಯಷ್ಟೇ, ತರ್ಕವಲ್ಲ. ಕನ್ನಡ ಆಕರಪಟ್ಟಿಯಲ್ಲಿ ಹೆಸರು ಪುಸ್ತಕದ ಶೀರ್ಷಿಕೆ ಪುಟದಲ್ಲಿದ್ದಂತೆಯೇ ಇರುವುದು ಲೇಸು. ಪಟ್ಟಿಯ ಕ್ರಮವೂ ಕನ್ನಡ ವರ್ಣಮಾಲೆಯದ್ದಾಗಿರಬೇಕು. ಇಂಗ್ಲಿಷ್ ಗ್ರಂಥಗಳನ್ನು ಬೇರೆಯಾಗಿ ಕೊಡಬಹುದು.

ಹಳೆಯ ಕೃತಿಗಳಿಗೆ ಪುಟ ಸಂಖ್ಯೆ ನೆರವಾಗದು, ಮುದ್ರಣದಿಂದ ಮುದ್ರಣಕ್ಕೆ ಅದು ಬದಲಾಗುತ್ತದೆ. ಮಾನ್ಯಖೇಟದ ಆಸ್ಥಾನದಲ್ಲಿ ರಚಿತವಾದ 'ಕವಿರಾಜಮಾರ್ಗ'ದಲ್ಲಿ ಕನ್ನಡ ನಾಡಿನ ಎಲ್ಲೆಯನ್ನು ಹೇಳುವ ಪದ್ಯವನ್ನು 1-36, ಅಂದರೆ ಮೊದಲ ಪರಿಚ್ಛೇದದ 36ನೇ ಪದ್ಯ, ಎಂದು ಸೂಚಿಸುವುದು ರೂಢಿ. ಜೊತೆಗೆ ಸಂಪಾದಕರ ಹೆಸರೂ ಬೇಕು. ವಚನಗಳಿಗೆ ಸಂಪುಟ ಮತ್ತು ವಚನ ಸಂಖ್ಯೆ. ಸನ್ನತಿಯ ವಿಚಾರದಲ್ಲಿ 'ಅಶೋಕನ ಶಾಸನ' ಎಂದಷ್ಟೇ ಬರೆದರೆ ಸಾಲದು: 1989ರಲ್ಲಿ ಚಂದ್ರಲಾಂಬಾ ದೇವಾಲಯದಲ್ಲಿ ಬೆಳಕಿಗೆ ಬಂದ ಆ ಒಂದೇ ಕಲ್ಲಿನಲ್ಲಿ 12 ಮತ್ತು 14ನೇ ಬಂಡೆ ಶಾಸನಗಳೂ ಎರಡು ಪ್ರತ್ಯೇಕ ಶಾಸನಗಳೂ ಇವೆ.

ಇಷ್ಟು ಕಟ್ಟುನಿಟ್ಟು ಯಾಕೆಂದು ಕೇಳುವವರಿಗೆ ಯುಜಿಸಿಯ 2018ರ ಕೃತಿಚೌರ್ಯ ತಡೆ ನಿಯಮಾವಳಿ ಉತ್ತರ ನೀಡುತ್ತದೆ. ಸ್ನಾತಕೋತ್ತರ ಹಾಗೂ ಸಂಶೋಧನಾ ಪ್ರಬಂಧಗಳಲ್ಲಿ ಅನ್ಯರ ಬರಹದೊಂದಿಗಿನ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡನೆಯಿಲ್ಲ. ಶೇ. 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಮತ್ತೆ ಸಲ್ಲಿಸಬೇಕು, ಶೇ. 60 ಮೀರಿದರೆ ನೋಂದಣಿಯೇ ರದ್ದು. ಆಕರ ನಮೂದಿಸಿ ಉದ್ಧರಿಸಿದ ಭಾಗವೂ ಗ್ರಂಥಸೂಚಿಯೂ ಈ ಲೆಕ್ಕಕ್ಕೆ ಸೇರುವುದಿಲ್ಲ.